ರೂಮ್ ಬುಕ್ ಮಾಡುವ ಮುಂಚೆ ಕೇಳಬೇಕಾದ ಪ್ರಶ್ನೆ: ಲಾಡ್ಜ್, ಹೋಂಸ್ಟೇಗಳಲ್ಲಿ ಕಾರ್ಬನ್ ಮೋನಾಕ್ಸೈಡ್

ಹೋಂಸ್ಟೇಗೆ ಫೋನ್ ಮಾಡಿದಾಗ ನಾವು ಏನೇನು ಕೇಳುತ್ತೇವೆ? ಊಟ ಇದೆಯಾ, ನೆಟ್‌ವರ್ಕ್ ಸಿಗುತ್ತಾ, ರಾತ್ರಿ ಕ್ಯಾಂಪ್‌ಫೈರ್ ಹಾಕ್ತೀರಾ, ಕಾರು ಮನೆತನಕ ಬರುತ್ತಾ. ಇದರ ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಸಿಕೊಳ್ಳಿ. ಸ್ನಾನಕ್ಕೆ ನೀರು ಯಾವುದರಲ್ಲಿ ಕಾಯುತ್ತೆ? ಕರೆಂಟ್ ಗೀಸರ್, ಸೋಲಾರ್, ಸೌದೆ ಒಲೆ, ಗ್ಯಾಸ್ ಗೀಸರ್, ಯಾವುದು? ಗ್ಯಾಸ್ ಅಂದರೆ, ಅದು ಬಚ್ಚಲಿನ ಒಳಗಿದೆಯಾ, ಹೊರಗಿದೆಯಾ?

ಗ್ಯಾಸ್, ಸೌದೆ, ಇದ್ದಿಲು, ಪೆಟ್ರೋಲ್, ಡೀಸೆಲ್, ಏನೇ ಆಗಲಿ, ಗಾಳಿ ಸಾಲದೆ ಉರಿದರೆ ಕಾರ್ಬನ್ ಮೋನಾಕ್ಸೈಡ್ ಹುಟ್ಟುತ್ತದೆ. ಚಿಕ್ಕದಾಗಿ ಸಿಒ ಅನ್ನೋಣ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಸಿಲಿಂಡರ್ ಸೋರಿದರೆ ಮೂಗಿಗೆ ಹೊಡೆಯುತ್ತದೆ, ಯಾಕಂದರೆ ಅದಕ್ಕೆ ಬೇಕಂತಲೇ ವಾಸನೆ ಬೆರೆಸಿರುತ್ತಾರೆ. ಉರಿದ ಮೇಲೆ ಆ ವಾಸನೆಯೂ ಸುಟ್ಟುಹೋಗಿರುತ್ತದೆ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಸಿಒವನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ಸ್ವಲ್ಪವೇ ಸಾಕು. ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗದಿರಬಹುದು.

ನಮ್ಮ ಮನೆಯಲ್ಲಾದರೆ ಗೀಸರ್ ಎಲ್ಲಿದೆ, ಕಿಟಕಿ ಎಲ್ಲಿದೆ ಅಂತ ಗೊತ್ತಿರುತ್ತದೆ. ಲಾಡ್ಜ್‌ನಲ್ಲಿ ಗೋಡೆಯ ಆಚೆ ಏನಿದೆ ಅಂತಲೂ ಗೊತ್ತಿರುವುದಿಲ್ಲ. ಅದಕ್ಕೇ ಇದಕ್ಕೆ ಕಾನೂನು ಬೇಕು. ಆ ಕಾನೂನು ಎಲ್ಲಿ ಎಷ್ಟಿದೆ ಅಂತ ಮೊದಲು ನೋಡೋಣ. ಅದು ಇಲ್ಲದ ಕಡೆ ನಾವೇನು ಮಾಡಬೇಕು ಅನ್ನುವುದನ್ನು ಆಮೇಲೆ ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

225ನೇ ರೂಮು

ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದಲ್ಲಿ ಬೂನ್ ಅಂತ ಒಂದು ಬೆಟ್ಟದೂರು. 2013ರ ಏಪ್ರಿಲ್ 16ರಂದು ಅಲ್ಲಿನ ಒಂದು ಹೋಟೆಲಿನ 225ನೇ ರೂಮಿನಲ್ಲಿ ವಯಸ್ಸಾದ ಗಂಡ ಹೆಂಡತಿ ಸತ್ತಿದ್ದರು. ಯಾಕೆ ಸತ್ತರು ಅಂತ ಆ ಹೊತ್ತಿಗೆ ಯಾರಿಗೂ ಹೊಳೆಯಲಿಲ್ಲ. ರೂಮು ಮತ್ತೆ ಬಾಡಿಗೆಗೆ ಹೋಯಿತು. ಜೂನ್ 8ರಂದು ಅದೇ ರೂಮಿನಲ್ಲಿ 11 ವರ್ಷದ ಹುಡುಗನೊಬ್ಬ ಸತ್ತ. ಜೊತೆಗಿದ್ದ ಅವನ ತಾಯಿ ಹೇಗೋ ಬದುಕಿ ಉಳಿದರು.

ಎರಡು ತಿಂಗಳೊಳಗೆ, ಒಂದೇ ರೂಮಿನಲ್ಲಿ, ಮೂರು ಜೀವ. ವಿಷ ಬಂದದ್ದು ಕೆಳಗಿನಿಂದ. ಕೆಳ ಅಂತಸ್ತಿನಲ್ಲಿ ಈಜುಕೊಳದ ನೀರು ಕಾಯಿಸುವ ಗ್ಯಾಸ್ ಹೀಟರ್ ಇತ್ತು. ಅದರ ಹೊಗೆ ಕೊಳವೆ ತುಕ್ಕು ಹಿಡಿದು ತೂತಾಗಿತ್ತು.

ಅದೇ ವರ್ಷ ಆ ರಾಜ್ಯ ಲಾಡ್ಜಿಂಗ್‌ಗಳಿಗೆ ಸಿಒ ಅಲಾರಂ ಕಡ್ಡಾಯ ಮಾಡಿತು. ಆ ಕಾನೂನಿನಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವ ಮಾತೊಂದಿದೆ. ಗ್ಯಾಸ್, ಎಣ್ಣೆ ಇಂಥವು ಉರಿಯುವ ಹೀಟರ್, ಒಲೆ ಇರುವ ಜಾಗದಲ್ಲಿ ಅಲಾರಂ ಇದ್ದರೆ ಸಾಲದು. ಆ ಜಾಗಕ್ಕೆ ಅಂಟಿಕೊಂಡ ಕೋಣೆಗಳಲ್ಲೂ ಇರಬೇಕು. ಅಂದರೆ ಗೋಡೆಯೋ, ನೆಲವೋ, ಚಾವಣಿಯೋ ಎರಡಕ್ಕೂ ಒಂದೇ ಆಗಿದ್ದರೆ ಅಲ್ಲಿ ಮಲಗುವವರಿಗೂ ಅಲಾರಂ ಬೇಕು. ‘ನಮ್ಮ ರೂಮಲ್ಲಿ ಗ್ಯಾಸೇ ಇಲ್ವಲ್ಲ’ ಅಂತ ಸುಮ್ನೆ ಇರುವ ಹಾಗಿಲ್ಲ. ಪಕ್ಕದಲ್ಲಿ, ಕೆಳಗೆ, ಮೇಲೆ ಏನು ಉರಿಯುತ್ತಿದೆ ಅನ್ನುವುದೇ ಕೇಳಬೇಕಾದ್ದು.

2006ರಲ್ಲಿ ಗ್ರೀಸ್ ದೇಶದ ಕಾರ್ಫು ದ್ವೀಪದಲ್ಲೂ ಹೀಗೇ ಆಯಿತು. ಹೋಟೆಲ್ ಬಂಗಲೆಯಲ್ಲಿ ತಂಗಿದ್ದ ಇಬ್ಬರು ಬ್ರಿಟಿಷ್ ಮಕ್ಕಳು ಸತ್ತರು. ಕೆಟ್ಟಿದ್ದ ಬಾಯ್ಲರ್ ಇದ್ದದ್ದು ಪಕ್ಕದ ಹೊರಕೋಣೆಯಲ್ಲಿ.

ನಮಗೆ ಹತ್ತಿರದ್ದು 2020ರ ಜನವರಿಯದು. ನೇಪಾಳದ ದಾಮನ್‌ನಲ್ಲಿ ಒಂದು ರೆಸಾರ್ಟಿನ ಒಂದೇ ಕೋಣೆಯಲ್ಲಿ ಕೇರಳದ 8 ಪ್ರವಾಸಿಗರು ಸತ್ತರು. ಅವರಲ್ಲಿ 4 ಮಕ್ಕಳು. ಚಳಿಗೆ ಗ್ಯಾಸ್ ಹೀಟರ್ ಹಚ್ಚಿಕೊಂಡು, ಬಾಗಿಲು ಕಿಟಕಿ ಭದ್ರ ಮಾಡಿಕೊಂಡು ಮಲಗಿದ್ದರು. ಚಳಿಯಲ್ಲಿ ಮಕ್ಕಳನ್ನು ಬೆಚ್ಚಗೆ ಮಲಗಿಸಬೇಕು ಅನ್ನಿಸುವುದು ಯಾರಿಗೂ ಸಹಜ, ಅಲ್ವಾ? ಅವರು ಮಾಡಿದ್ದೂ ಅಷ್ಟೇ.

ಎಲ್ಲಿ ಏನು ಕಾನೂನು

ಅಮೆರಿಕದಲ್ಲಿ ಎಲ್ಲ ಹೋಟೆಲ್‌ಗಳಿಗೂ ಅನ್ವಯಿಸುವ ಒಂದೇ ಕೇಂದ್ರ ಕಾನೂನು ಇಲ್ಲ. ರಾಜ್ಯಕ್ಕೊಂದು, ಕೆಲವು ಕಡೆ ಊರಿಗೊಂದು ನಿಯಮ. ಒಂದು ರಾಜ್ಯದಲ್ಲಿ ಎಲ್ಲ ಲಾಡ್ಜ್‌ಗೂ ಕಡ್ಡಾಯ ಇದ್ದರೆ, ಇನ್ನೊಂದರಲ್ಲಿ ಹೊಸ ಕಟ್ಟಡಗಳಿಗೆ ಮಾತ್ರ ಇರಬಹುದು. ಮಗನ ಮನೆಗೋ ಮಗಳ ಮನೆಗೋ ಹೋದ ಅಪ್ಪ ಅಮ್ಮಂದಿರು ಅಲ್ಲಿಂದ ನಯಾಗರಕ್ಕೋ ಬೆಟ್ಟದ ಕ್ಯಾಬಿನ್‌ಗೋ ಹೊರಟಾಗ ರಾಜ್ಯದ ಗಡಿ ದಾಟಿದರೆ ನಿಯಮವೂ ಬದಲಾಗಬಹುದು. ಏರ್‌ಬಿಎನ್‌ಬಿಯಲ್ಲಿ ಮನೆ ಹಿಡಿಯುವುದಾದರೆ ಸೌಲಭ್ಯಗಳ ಪಟ್ಟಿಯಲ್ಲಿ ‘ಕಾರ್ಬನ್ ಮೋನಾಕ್ಸೈಡ್ ಅಲಾರಂ’ ಅನ್ನುವ ಸಾಲು ಹುಡುಕಿ. ಇಲ್ಲದಿದ್ದರೆ ಅಲ್ಲೇ ಮೆಸೇಜ್ ಹಾಕಿ ಕೇಳಿ. ಕೇಳಿದ್ದು, ಅವರು ಉತ್ತರ ಕೊಟ್ಟಿದ್ದು ಎರಡೂ ಬರಹದಲ್ಲಿ ಉಳಿಯುತ್ತದೆ.

ಬ್ರಿಟನ್ ಕಡೆ ದಾರಿ ಬೇರೆ. 1998ರ ಗ್ಯಾಸ್ ಸುರಕ್ಷತಾ ನಿಯಮಗಳ ಪ್ರಕಾರ ಬಾಡಿಗೆಗೆ ಕೊಡುವ ಮನೆಯ ಗ್ಯಾಸ್ ಸಾಧನಗಳನ್ನು ವರ್ಷಕ್ಕೊಮ್ಮೆ ‘ಗ್ಯಾಸ್ ಸೇಫ್’ ನೋಂದಣಿ ಇರುವ ಎಂಜಿನಿಯರ್ ಪರೀಕ್ಷಿಸಲೇಬೇಕು. ರಜೆಗೆ ಬಾಡಿಗೆ ಕೊಡುವ ಮನೆಗಳೂ ಇದರೊಳಗೆ ಬರುತ್ತವೆ. 28 ದಿನಕ್ಕಿಂತ ಕಡಿಮೆ ಇರುವ ಅತಿಥಿಗಳಿಗೆ ಆ ಪರೀಕ್ಷೆಯ ದಾಖಲೆಯನ್ನು ಎದ್ದುಕಾಣುವ ಜಾಗದಲ್ಲಿ ಹಾಕಿದರೂ ನಡೆಯುತ್ತದೆ. ಹಾಗಾಗಿ ಒಳಗೆ ಹೋದ ಕೂಡಲೇ ಅಡುಗೆಮನೆಯ ಗೋಡೆ, ಬಾಯ್ಲರ್ ಪಕ್ಕ, ಅತಿಥಿಗಳಿಗೆ ಇಟ್ಟ ಫೈಲ್ ನೋಡಿ. ತಾರೀಖು ಒಂದು ವರ್ಷದೊಳಗಿನದಾ ಅಂತ ನೋಡಿ. ಸ್ಕಾಟ್ಲೆಂಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ ಅಲ್ಪಾವಧಿ ಬಾಡಿಗೆಗೆ ಮನೆ ಕೊಡಲು ಲೈಸೆನ್ಸ್ ಬೇಕು, ಮತ್ತು ಸಿಒ ಪತ್ತೆ ಸಾಧನ ಆ ಲೈಸೆನ್ಸಿನ ಕಡ್ಡಾಯ ಷರತ್ತುಗಳಲ್ಲಿ ಒಂದು.

ಇನ್ನು ನಮ್ಮದು. ಹೋಟೆಲ್ ಕೋಣೆಯಲ್ಲಿ, ಹೋಂಸ್ಟೇಯಲ್ಲಿ ಸಿಒ ಅಲಾರಂ ಇರಲೇಬೇಕು ಅನ್ನುವ ಪ್ರತ್ಯೇಕ ಕಾನೂನು ಭಾರತದಲ್ಲಿ ಇಲ್ಲ. ಇರುವ ಕಾನೂನುಗಳು ಅನಾಹುತ ಆದ ಮೇಲೆ ಕೆಲಸಕ್ಕೆ ಬರುವಂಥವು. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಇದೆ, 5 ವರ್ಷದವರೆಗೆ ಶಿಕ್ಷೆ. ಸೇವಾ ನ್ಯೂನತೆಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಹೋಂಸ್ಟೇ ನೋಂದಣಿಯ ಷರತ್ತಿನಲ್ಲೇ ಇದೊಂದು ಸಾಲು ಸೇರಿಸಬೇಕು ಅಂತ ನಾನು ಕೇಳಿದವರಿಗೆಲ್ಲ ಹೇಳುತ್ತಿರುತ್ತೇನೆ. ಗ್ಯಾಸ್ ಗೀಸರ್ ಬಚ್ಚಲಿನ ಹೊರಗಿರಲಿ, ಅಲಾರಂ ಒಳಗಿರಲಿ. ಅಷ್ಟೇ ಸಾಕು. ಅದು ಬರುವ ತನಕ ನಮ್ಮ ಕಾಳಜಿ ನಾವೇ ಮಾಡಬೇಕು.

ಹೆಜ್ಜೆ 1: ಬ್ಯಾಗಿನಲ್ಲಿ ಒಂದು ಅಲಾರಂ

ಅಂಗೈಯಗಲದ, ಬ್ಯಾಟರಿಯ ಸಿಒ ಅಲಾರಂ ಆನ್‌ಲೈನ್‌ನಲ್ಲಿ ಸಿಗುತ್ತದೆ. ತೆಗೆದುಕೊಳ್ಳುವಾಗ ಡಬ್ಬಿಯ ಮೇಲೆ ‘ಇಎನ್ 50291’ ಅಥವಾ ‘ಯುಎಲ್ 2034’ ಅಂತ ಇದೆಯಾ ನೋಡಿ. ಮೊದಲನೆಯದು ಯುರೋಪಿನ ಮಾನದಂಡ, ಎರಡನೆಯದು ಅಮೆರಿಕದ್ದು. ಎರಡೂ ಇಲ್ಲದ ಅಗ್ಗದ ಮಾಲು ಬೇಡ.

ಇಲ್ಲಿ ತುಂಬಾ ಜನ ಎಡವುತ್ತಾರೆ. ಎಲ್‌ಪಿಜಿ ಸೋರಿಕೆ ಪತ್ತೆ ಮಾಡುವ ಸಾಧನ ಸಿಒ ಅಲಾರಂ ಅಲ್ಲ. ಚಾವಣಿಗೆ ಹಾಕುವ ಹೊಗೆ ಅಲಾರಂ ಕೂಡ ಅಲ್ಲ. ಹೋಟೆಲ್ ರೂಮಿನ ಚಾವಣಿಯಲ್ಲಿ ಬಿಳಿ ಬಟ್ಟಲಿನಂಥದ್ದು ಕಂಡರೆ ಅದು ಬಹುತೇಕ ಹೊಗೆಯದ್ದೇ. ಸಿಒ ಅದಕ್ಕೆ ಕಾಣುವುದಿಲ್ಲ.

ಅಂಕಿ ತೋರಿಸುವ ಪರದೆ ಇರುವ ಅಲಾರಂ ಆದರೆ ಒಳ್ಳೆಯದು. ಯಾಕಂದರೆ ಸಿಒ ಇದ್ದ ಕೂಡಲೇ ಅಲಾರಂ ಕೂಗುವುದಿಲ್ಲ. ಯುರೋಪಿನ ಮಾನದಂಡದ ಪ್ರಕಾರ 50 ಪಿಪಿಎಂ (ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 50 ಪಾಲು ಸಿಒ) ಇದ್ದರೆ 60ರಿಂದ 90 ನಿಮಿಷಕ್ಕೆ, 100 ಇದ್ದರೆ 10ರಿಂದ 40 ನಿಮಿಷಕ್ಕೆ, 300 ಇದ್ದರೆ 3 ನಿಮಿಷದೊಳಗೆ ಕೂಗಬೇಕು. ದೇಹದೊಳಗೆ ಎಷ್ಟು ಸೇರುತ್ತದೆ ಅನ್ನುವ ಲೆಕ್ಕದಲ್ಲಿ ಇದನ್ನು ಇಟ್ಟಿದ್ದಾರೆ. ಪರದೆ ಇದ್ದರೆ ಕೂಗುವ ಮುಂಚೆಯೇ ಅಂಕಿ ಏರುವುದು ಕಾಣುತ್ತದೆ.

ಹಿಂಬದಿಯಲ್ಲಿ ‘ಈ ತಾರೀಖಿನೊಳಗೆ ಬದಲಿಸಿ’ ಅಂತ ಇರುತ್ತದೆ. ಸೆನ್ಸರ್‌ಗೂ ಆಯಸ್ಸಿದೆ, ಮಾದರಿ ನೋಡಿಕೊಂಡು 5ರಿಂದ 10 ವರ್ಷ. ಹೊರಡುವ ಹಿಂದಿನ ದಿನ ಟೆಸ್ಟ್ ಬಟನ್ ಒತ್ತಿ ಸದ್ದು ಕೇಳಿಸಿಕೊಳ್ಳಿ, ಮನೆಯವರಿಗೂ ಕೇಳಿಸಿ. ಸಾಮಾನ್ಯವಾಗಿ ನಾಲ್ಕು ಬೀಪ್, ಒಂದು ನಿಲುಗಡೆ, ಮತ್ತೆ ನಾಲ್ಕು ಬೀಪ್ ಅಂದರೆ ಸಿಒ. ನಿಮಿಷಕ್ಕೊಮ್ಮೆ ಚಿಲಿಪಿಲಿ ಅಂದರೆ ಬ್ಯಾಟರಿ ಮುಗಿಯುತ್ತಿದೆ, ಇಲ್ಲವೇ ಸೆನ್ಸರಿನ ಕಾಲ ಮುಗಿದಿದೆ.

ಹೆಜ್ಜೆ 2: ರೂಮಿಗೆ ಹೋದ ಮೊದಲ ಐದು ನಿಮಿಷ

ಬ್ಯಾಗ್ ಇಟ್ಟು ಮೊದಲು ಬಚ್ಚಲಿಗೆ ಹೋಗಿ. ಹೋದ ವರ್ಷ ಮಲೆನಾಡಿನ ಒಂದು ಹೋಂಸ್ಟೇಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ನೆಲದಿಂದ ಚಾವಣಿವರೆಗೆ ಹೊಸ ಟೈಲ್ಸ್, ಅಂಚಿಗೆ ರಬ್ಬರ್ ಇರುವ ಗಟ್ಟಿ ಬಾಗಿಲು. ಶವರ್ ಪಕ್ಕದಲ್ಲೇ ಗ್ಯಾಸ್ ಗೀಸರ್. ಅದರ ತಲೆಯ ಮೇಲಿನ ಗೋಡೆಗೆ ಬೆರಳಗಲದಷ್ಟು ಮಸಿ ಹತ್ತಿತ್ತು. ವೆಂಟಿಲೇಟರ್ ಎಲ್ಲಿ ಅಂತ ಹುಡುಕಿದರೆ, ಅದಕ್ಕೆ ಒಳಗಿನಿಂದ ಹಳೇ ಕ್ಯಾಲೆಂಡರ್ ಹಾಳೆ ಇಟ್ಟು ಪ್ಯಾಕಿಂಗ್ ಟೇಪ್ ಅಂಟಿಸಿದ್ದರು.

ಮಾಲೀಕರನ್ನು ಕರೆದು ತೋರಿಸಿದೆ. ಬಿಸಿಬಿಸಿ ಅಕ್ಕಿರೊಟ್ಟಿ ಬಡಿಸಿ ನಿಂತು ತಿನ್ನಿಸಿದ ಮನುಷ್ಯ ಅವರು. “ಚಳಿಗಾಳಿ ಬರುತ್ತೆ ಮುಚ್ಚಿ ಅಂತ ಗೆಸ್ಟುಗಳೇ ಹೇಳಿದ್ರು ಸಾರ್, ಅದಕ್ಕೇ ಮುಚ್ಚಿದ್ವಿ” ಅಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಇಬ್ಬರೂ ಸೇರಿ ಟೇಪ್ ಕಿತ್ತೆವು. ಆ ಎರಡು ದಿನ ನಾವು ಹಿತ್ತಲಿನ ಹಂಡೆಯಿಂದ ಬಕೆಟ್‌ನಲ್ಲಿ ನೀರು ತಂದು ಸ್ನಾನ ಮಾಡಿದೆವು.

ಹಳೇ ಬಚ್ಚಲುಮನೆಗಳಲ್ಲೂ ಹಂಡೆಯ ಕೆಳಗೆ ಬೆಂಕಿ ಇತ್ತು ನಿಜ. ಆದರೆ ಮೇಲೆ ಹೆಂಚು, ಸಂದಿಗಳಲ್ಲಿ ಗಾಳಿ ಆಡುತ್ತಿತ್ತು, ಬೆಂಕಿ ಹಾಕುವ ಬಾಯಿ ಎಷ್ಟೋ ಮನೆಗಳಲ್ಲಿ ಹೊರಗಡೆಗೇ ಇರುತ್ತಿತ್ತು. ಈಗಿನ ಬಚ್ಚಲು ಡಬ್ಬಿಯ ಹಾಗೆ ಮುಚ್ಚಿಕೊಳ್ಳುತ್ತದೆ. ನಮ್ಮಲ್ಲಿ ಸಿಗುವ ಬಹಳಷ್ಟು ಸಣ್ಣ ಗ್ಯಾಸ್ ಗೀಸರ್‌ಗಳಿಗೆ ಹೊಗೆ ಹೊರಗೊಯ್ಯುವ ಕೊಳವೆಯೇ ಇಲ್ಲ. ಉರಿದದ್ದೆಲ್ಲ ಅದೇ ಡಬ್ಬಿಯೊಳಗೆ ಬೀಳುತ್ತದೆ. ಆಮ್ಲಜನಕ ಕಡಿಮೆ ಆದಷ್ಟೂ ಉರಿ ಕೆಡುತ್ತದೆ, ಉರಿ ಕೆಟ್ಟಷ್ಟೂ ಸಿಒ ಜಾಸ್ತಿ ಆಗುತ್ತದೆ. ಕೆಲವೇ ನಿಮಿಷದಲ್ಲಿ ನಿಂತವರು ಕುಸಿದು ಬೀಳಬಹುದು.

ಹಾಗಾಗಿ ನೋಡಬೇಕಾದ್ದು ಇಷ್ಟು. ಗೀಸರ್ ಒಳಗಿದೆಯಾ? ಉರಿ ನೀಲಿಯಾಗಿದೆಯಾ, ಹಳದಿಯಾಗಿದೆಯಾ? ಮಸಿ ಇದೆಯಾ? ಗಾಳಿ ಒಳಬರಲು ಮತ್ತು ಹೊರಹೋಗಲು ಮುಚ್ಚಲಾಗದ ಕಿಂಡಿ ಇದೆಯಾ? ಹಳದಿ ಉರಿ, ಮಸಿ ಕಂಡರೆ ಅದು ಕೆಟ್ಟ ಸುಳಿವು. ಆದರೆ ನೀಲಿ ಉರಿ ಇದೆ ಅಂತ ಧೈರ್ಯ ತಂದುಕೊಳ್ಳಬೇಡಿ. ಬಾಗಿಲು ಮುಚ್ಚಿದ ಮೇಲೆ ಅದೂ ಕೆಡಬಹುದು.

ಆಮೇಲೆ ಗೋಡೆಯ ಆಚೆ ಬನ್ನಿ. ರೂಮಿನ ಕೆಳಗೆ ಅಡುಗೆಮನೆ ಇದೆಯಾ? ಪಕ್ಕದಲ್ಲಿ ಬಾಯ್ಲರ್, ಕಾರು ನಿಲ್ಲಿಸುವ ಮುಚ್ಚಿದ ಜಾಗ ಇದೆಯಾ? ಜನರೇಟರ್ ಎಲ್ಲಿಟ್ಟಿದ್ದಾರೆ? ಮಳೆಗಾಲದಲ್ಲಿ ಕರೆಂಟ್ ಹೋಗಿ ಅದು ಶುರುವಾಗುವುದು ನೀವು ಮಲಗಿದ ಮೇಲೆ. ಕಿಟಕಿಯ ಬುಡದಲ್ಲಿದ್ದರೆ ಬೇರೆ ರೂಮು ಕೇಳಿ. ಇದನ್ನು ಕೇಳಲು ಸಂಕೋಚ ಬೇಡ.

ಅಲಾರಂ ಅನ್ನು ಮಲಗುವ ಕೋಣೆಯಲ್ಲಿ, ಹಾಸಿಗೆ ಪಕ್ಕದ ಮೇಜಿನ ಮೇಲಿಡಿ. ಸಿಒ ಹೆಚ್ಚುಕಮ್ಮಿ ಗಾಳಿಯಷ್ಟೇ ತೂಕದ್ದು, ಕೆಳಗೂ ಕೂರುವುದಿಲ್ಲ, ಮೇಲೂ ನಿಲ್ಲುವುದಿಲ್ಲ. ಉಸಿರಾಡುವ ಎತ್ತರದಲ್ಲಿದ್ದರೆ ಸರಿ. ಕಿಟಕಿಯ ಪಕ್ಕ, ಫ್ಯಾನ್ ಗಾಳಿ ನೇರ ಬಡಿಯುವಲ್ಲಿ, ಪರದೆಯ ಹಿಂದೆ, ಹಬೆ ತುಂಬುವ ಬಚ್ಚಲಲ್ಲಿ ಬೇಡ.

ಹೆಜ್ಜೆ 3: ಸ್ನಾನ, ಚಳಿ, ನಿದ್ದೆ

ಗೀಸರ್ ಬಚ್ಚಲಿನ ಒಳಗೇ ಇದ್ದು ಬೇರೆ ದಾರಿ ಇಲ್ಲದಿದ್ದರೆ, ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿಕೊಳ್ಳಿ, ಗೀಸರ್ ಆರಿಸಿ, ಒಂದಷ್ಟು ಹೊತ್ತು ಗಾಳಿ ಆಡಲು ಬಿಟ್ಟು ಆಮೇಲೆ ಒಳಗೆ ಹೋಗಿ. ಒಬ್ಬರ ಹಿಂದೆ ಒಬ್ಬರು ಸ್ನಾನ ಮಾಡುವಾಗ ಅಪಾಯ ಜಾಸ್ತಿ. ಮೊದಲಿನವರಿಗೆ ಏನೂ ಆಗದೆ ಮೂರನೆಯವರು ಬೀಳಬಹುದು. ಮಕ್ಕಳನ್ನು ಒಳಗಿನಿಂದ ಚಿಲಕ ಹಾಕಿಕೊಳ್ಳಲು ಬಿಡಬೇಡಿ.

ಕ್ಯಾಂಪ್‌ಫೈರ್ ಮುಗಿದ ಮೇಲೆ ಉಳಿದ ಕೆಂಡವನ್ನು ಬಾಂಡ್ಲಿಯಲ್ಲಿ ತುಂಬಿ ಟೆಂಟಿನೊಳಗೋ ರೂಮಿಗೋ ತರಲೇಬೇಡಿ. ಹೊಗೆ ನಿಂತ ಕೆಂಡ ಸುರಕ್ಷಿತ ಅನ್ನುವುದು ತಪ್ಪು. ಹೊಗೆ ಇಲ್ಲದಿದ್ದರೂ ಅದು ಸಿಒ ಬಿಡುತ್ತಲೇ ಇರುತ್ತದೆ. ಮನಾಲಿ, ಕಾಶ್ಮೀರದ ಕಡೆ ಹೋದರೆ ಕೋಣೆಯಲ್ಲಿ ಬುಖಾರಿ (ಹೊಗೆ ಕೊಳವೆ ಇರುವ ಕಬ್ಬಿಣದ ಒಲೆ) ಅಥವಾ ಅಂಗೀಠಿ (ಇದ್ದಿಲು ಹಾಕುವ ಅಗ್ಗಿಷ್ಟಿಕೆ) ಇರಬಹುದು. ಬುಖಾರಿಯ ಕೊಳವೆ ಗೋಡೆಯಾಚೆ ಹೋಗಿದೆಯಾ, ಕೀಲುಗಳು ಬಿಗಿಯಾಗಿವೆಯಾ ನೋಡಿ. ಕೊಳವೆಯೇ ಇಲ್ಲದ ಅಂಗೀಠಿ, ಗ್ಯಾಸ್ ಹೀಟರ್ ಆದರೆ ಮಲಗುವ ಮುಂಚೆ ಹೊರಗಿಡಿಸಿ, ಇನ್ನೆರಡು ಕಂಬಳಿ ಕೇಳಿ.

ಹೆಜ್ಜೆ 4: ತಲೆನೋವು ಬಂದರೆ, ಅಲಾರಂ ಕೂಗಿದರೆ

ತಲೆನೋವು, ತಲೆಸುತ್ತು, ವಾಂತಿ ಬಂದ ಹಾಗೆ, ಕೈಕಾಲು ಸೋತ ಹಾಗೆ. ಇದನ್ನು ನಾವು ಘಾಟಿಯ ತಿರುವಿಗೆ, ಊಟಕ್ಕೆ, ಎತ್ತರದ ಜಾಗಕ್ಕೆ ಹೊರಿಸಿಬಿಡುತ್ತೇವೆ. ಒಂದೇ ರೂಮಿನ ಇಬ್ಬರು ಮೂವರಿಗೆ ಒಟ್ಟಿಗೇ ಹೀಗಾದರೆ, ಹೊರಗೆ ಹೋದಾಗ ಕಡಿಮೆಯಾಗಿ ಒಳಗೆ ಬಂದಾಗ ಮತ್ತೆ ಶುರುವಾದರೆ, ಮೊದಲು ಸಿಒ ಅಂತಲೇ ಅನುಮಾನಿಸಿ.

ಎಲ್ಲರನ್ನೂ ಎಬ್ಬಿಸಿ ಬಯಲಿಗೆ ಕರೆದುಕೊಂಡು ಹೋಗಿ. ವರಾಂಡ ಸಾಲದು. ಕಿಟಕಿ ಬಾಗಿಲು ದಾರಿಯಲ್ಲಿ ಸಿಕ್ಕರೆ ತೆರೆಯಿರಿ, ಅದಕ್ಕಾಗಿ ಒಳಗೆ ನಿಲ್ಲಬೇಡಿ. ತಲೆ ಎಣಿಸಿ. ಅಕ್ಕಪಕ್ಕದ ರೂಮಿನವರ ಬಾಗಿಲು ಬಡಿಯಿರಿ, 225ನೇ ರೂಮು ನೆನಪಿರಲಿ. ಇಲ್ಲಿ 112 ಅಥವಾ 108, ಅಮೆರಿಕದಲ್ಲಿ 911, ಬ್ರಿಟನ್‌ನಲ್ಲಿ 999. ಬಚ್ಚಲಲ್ಲಿ ಯಾರಾದರೂ ಬಿದ್ದಿದ್ದರೆ ಮೊದಲು ಕೂಗಿ ಇನ್ನೊಬ್ಬರನ್ನು ಕರೆಯಿರಿ, ಬಾಗಿಲು ಒಡೆಯಿರಿ, ಸಿಲಿಂಡರ್ ಹೊರಗಿದ್ದರೆ ರೆಗ್ಯುಲೇಟರ್ ಮುಚ್ಚಿಸಿ, ಬಿದ್ದವರನ್ನು ಎಳೆದು ಹೊರಗೆ ತನ್ನಿ.

ಆಕ್ಸಿಮೀಟರ್ ಬೆರಳಿಗೆ ಹಾಕಿ 98 ತೋರಿಸ್ತಿದೆ ಅಂತ ಸಮಾಧಾನ ಪಡಬೇಡಿ. ಸಿಒ ಹಿಡಿದ ಹಿಮೋಗ್ಲೋಬಿನ್ನನ್ನೂ ಅದು ಆಮ್ಲಜನಕ ಅಂತಲೇ ಲೆಕ್ಕ ಹಾಕುತ್ತದೆ. ಆಸ್ಪತ್ರೆಯಲ್ಲಿ ಡಾಕ್ಟರಿಗೆ ನೇರವಾಗಿ ಹೇಳಿ: “ಗ್ಯಾಸ್ ಗೀಸರ್ ಇತ್ತು, ಕಾರ್ಬನ್ ಮೋನಾಕ್ಸೈಡ್ ಇರಬಹುದು.” ರಕ್ತದಲ್ಲಿ ಕಾರ್ಬಾಕ್ಸಿ ಹಿಮೋಗ್ಲೋಬಿನ್, ಅಂದರೆ ಸಿಒ ಹಿಡಿದ ಹಿಮೋಗ್ಲೋಬಿನ್, ಎಷ್ಟಿದೆ ಅನ್ನುವ ಪರೀಕ್ಷೆ ಮಾಡಿಸಬಹುದು. ಚಿಕಿತ್ಸೆ ಶುದ್ಧ ಆಮ್ಲಜನಕ. ಮಾಮೂಲಿ ಗಾಳಿಯಲ್ಲಿ ಸಿಒ ಅರ್ಧಕ್ಕಿಳಿಯಲು 4ರಿಂದ 5 ಗಂಟೆ ಬೇಕಾದರೆ, ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯ ಆಸುಪಾಸಿನಲ್ಲಿ ಇಳಿಯುತ್ತದೆ. ಗರ್ಭಿಣಿ ಇದ್ದರೆ ಅದನ್ನು ಮೊದಲೇ ಹೇಳಿ, ಮಗುವಿಗೆ ಅಪಾಯ ಇನ್ನೂ ಜಾಸ್ತಿ. ಚೇತರಿಸಿಕೊಂಡು ಮನೆಗೆ ಬಂದ ಮೇಲೂ ಕೆಲವು ವಾರ ಗಮನ ಇರಲಿ. ಮರೆವು, ನಡಿಗೆಯಲ್ಲಿ ತೊಡಕು, ಸ್ವಭಾವದಲ್ಲಿ ಬದಲಾವಣೆ ಕಂಡರೆ ಮತ್ತೆ ತೋರಿಸಿ.

ಹೆಜ್ಜೆ 5: ದೂರು ಕೊಡುವುದು

ಗೀಸರ್, ಮುಚ್ಚಿದ ಕಿಂಡಿ, ಅಲಾರಂ ಪರದೆಯ ಅಂಕಿ, ಎಲ್ಲದರ ಫೋಟೋ ತೆಗೆದಿಡಿ. ಬಿಲ್, ಬುಕಿಂಗ್ ಮೆಸೇಜ್, ಆಸ್ಪತ್ರೆಯ ಚೀಟಿ ಜೋಪಾನ. ಗ್ರಾಹಕ ಸಹಾಯವಾಣಿ 1915. ನೀವು ವಾಸ ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಹಾಕಬಹುದು, ಹೋಂಸ್ಟೇ ಇರುವ ಊರಿಗೆ ಅಲೆಯಬೇಕಿಲ್ಲ. ಯಾರಿಗೂ ಏನೂ ಆಗದೆ ಅಪಾಯ ಮಾತ್ರ ಕಂಡಿದ್ದರೆ ಮೊದಲು ಮಾಲೀಕರಿಗೆ ಹೇಳಿ. ಸರಿಪಡಿಸದಿದ್ದರೆ ಜಿಲ್ಲೆಯ ಪ್ರವಾಸೋದ್ಯಮ ಇಲಾಖೆಗೆ ಬರೆಯಿರಿ.

ಹೋಂಸ್ಟೇ ನಡೆಸುವವರಿಗೆ

ನೀವು ಇದನ್ನು ಓದುತ್ತಿದ್ದರೆ, ಕಾನೂನು ಬರಲಿ ಅಂತ ಕಾಯಬೇಡಿ. ಗ್ಯಾಸ್ ಗೀಸರನ್ನು ಬಚ್ಚಲಿನಿಂದ ಹೊರಗೋಡೆಗೆ, ಗಾಳಿ ಆಡುವ ಜಾಗಕ್ಕೆ ಸಾಗಿಸಿ. ಒಳಗೆ ಬರಬೇಕಾದ್ದು ಬಿಸಿನೀರಿನ ಪೈಪ್ ಒಂದೇ. ಹೊರಗೋಡೆಯಲ್ಲೂ ಕಿಟಕಿ, ವೆಂಟಿಲೇಟರ್ ಪಕ್ಕದಲ್ಲಿ ಕೂರಿಸಬೇಡಿ. ಹೊಸದಾಗಿ ಕಟ್ಟಿಸುತ್ತಿದ್ದರೆ ಸೋಲಾರ್ ಜೊತೆ ಕರೆಂಟ್ ಗೀಸರ್ ಯೋಚಿಸಿ. ಗೀಸರ್ ಸರ್ವಿಸ್ ವರ್ಷಕ್ಕೊಮ್ಮೆ ಮಾಡಿಸಿ, ತಾರೀಖನ್ನು ಅದರ ಮೈಮೇಲೇ ಬರೆದಂಟಿಸಿ.

ಪ್ರತಿ ಮಲಗುವ ಕೋಣೆಗೂ ಒಂದು ಸಿಒ ಅಲಾರಂ ಇರಲಿ. ಕೋಣೆ ಗುಡಿಸಿ ಹಾಸಿಗೆ ಬದಲಿಸುವವರಿಗೆ ಅದರ ಬಟನ್ ಒತ್ತಿ ನೋಡುವುದನ್ನೂ ಕಲಿಸಿ. ವೆಂಟಿಲೇಟರ್‌ಗೆ ಗಾಜಿನ ಬದಲು ಜಾಲರಿ ಹಾಕಿಸಿ, ಬಾವಲಿ ಹಾವು ಒಳಗೆ ಬರುವುದಿಲ್ಲ, ಗಾಳಿ ನಿಲ್ಲುವುದಿಲ್ಲ. ಚಳಿ ಅಂತ ಅತಿಥಿಗಳು ಮುಚ್ಚಲು ಹೇಳಿದರೆ ಯಾಕೆ ಮುಚ್ಚುವುದಿಲ್ಲ ಅಂತ ಎರಡು ಮಾತಲ್ಲಿ ಹೇಳಿ, ಕೇಳುತ್ತಾರೆ. ಜನರೇಟರ್ ಕನಿಷ್ಠ 20 ಅಡಿ ದೂರ ಇರಲಿ, ಹೊಗೆ ಬಾಯಿ ಮನೆಯ ಕಡೆ ತಿರುಗಿರಬಾರದು. ಮಳೆ ಜೋರಾದರೆ ಅದನ್ನು ವರಾಂಡಕ್ಕೆ ಎಳೆದುಕೊಳ್ಳುವ ಮನಸ್ಸಾಗುತ್ತದೆ. ಅದಕ್ಕೆ ಮಳೆಗಾಲದ ಮುಂಚೆಯೇ ಅಂಗಳದ ಆಚೆ ಅದಕ್ಕೊಂದು ಶೀಟಿನ ಮಾಡು ಹಾಕಿಸಿಬಿಡಿ.